ಕಡ ತಂದ ಕಂಠ

ಪಶ್ಚಿಮದ ನೃತ್ಯಸಂಗೀತದ ವಿಷಯವಾಗಿ ಅಧಿಕಾರದಿಂದ ಮಾತನಾಡುವ ಯೋಗ್ಯತೆ ನನಗಿಲ್ಲ. ತಂಬೂರಿಯ ಶ್ರುತಿಗೆ ಹೊಂದಿಕೊಂಡು ಬೆಳೆದ ಕಿವಿ ನನ್ನದು. ಬೀದಿಯಲ್ಲಿ ಡೋಲಿನ ಪೆಟ್ಟು ಸ್ವಲ್ಪ ಜೋರಾದರೆ ಎದ್ದು ಕಿಟಕಿ ಮುಚ್ಚುವ ಜಾತಿಯವನು ನಾನು. ಆದರೂ ಕೆಲವು ವಾರಗಳಿಂದ ಅಂಥದೇ ಒಂದು ಹಾಡು ನನ್ನನ್ನು ಬಿಡದೆ ಹಿಂಬಾಲಿಸುತ್ತಿದೆ. ಅದೇನೂ ಹೊಸದಲ್ಲ. 2004ರಲ್ಲಿ ಲಂಡನ್ನಿನಿಂದ ಹೊರಬಂದದ್ದು. ‘ಕಾಲ್ ಆನ್ ಮಿ’ ಎಂದು ಅದರ ಹೆಸರು. ರಚಿಸಿದವರು ಸ್ವೀಡನ್ನಿನ ಎರಿಕ್ ಪ್ರಿಡ್ಜ್.

ರಜೆಗೆಂದು ಮನೆಗೆ ಬಂದಿದ್ದ ಸೋದರಳಿಯ ನನ್ನ ಕಿವಿಗೆ ಹೆಡ್‌ಫೋನ್ ತೊಡಿಸಿ, “ಕಣ್ಣು ಮುಚ್ಚಿಕೊಂಡು ಕೇಳಿ ಮಾವ” ಎಂದ. ಕೇಳಿದೆ. ಮೂರು ನಿಮಿಷದಲ್ಲಿ ಮುಗಿಯಿತು. ಇನ್ನೊಮ್ಮೆ ಹಾಕೆಂದೆ. ಅವನಿಗೆ ಹಿಡಿಸಲಾರದ ಸಂತೋಷ. ಆ ಸಂತೋಷದಲ್ಲಿ ಪಾಲುಗೊಳ್ಳುವವನಂತೆ, “ಇಂಥ ಹಾಡಿಗೆಲ್ಲ ಒಂದು ಚಿತ್ರವೂ ಇರುತ್ತದಂತಲ್ಲ, ಅದನ್ನೂ ತೋರಿಸು” ಎಂದೆ. ಹುಡುಗನ ಮುಖ ಸಣ್ಣದಾಯಿತು. “ಅದು ಬೇಡ ಮಾವ. ಹಾಡು ಕೇಳಿದಿರಲ್ಲ, ಸಾಕು” ಎಂದು ಫೋನನ್ನು ಜೇಬಿಗಿಳಿಸಿದ.

ಬೇಡವೆಂದದ್ದನ್ನು ನೋಡದೆ ಬಿಡುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ. ಅಂದು ರಾತ್ರಿಯೇ ಬಾಗಿಲು ಮುಂದೆ ಮಾಡಿಕೊಂಡು ನೋಡಿದೆ. ಹಗಲು ಕೇಳಿದ ಹಾಡೂ ರಾತ್ರಿ ನೋಡಿದ ಹಾಡೂ ಒಂದೇ ಎಂದು ನಂಬುವುದು ಕಷ್ಟವಾಯಿತು. ಕಣ್ಣು ಮುಚ್ಚಿದಾಗ ಅದರಲ್ಲಿ ಒಬ್ಬ ಮನುಷ್ಯನಿದ್ದ. ಕಣ್ಣು ತೆರೆದಾಗ ಅವನೂ ಇರಲಿಲ್ಲ, ಅವನ ಸ್ಥಾನದಲ್ಲಿ ಬೇರೆ ಯಾರೂ ಇರಲಿಲ್ಲ. ಹೀಗಾಗಲು ಕಾರಣವೇನೆಂಬುದನ್ನು ನನಗೆ ನಾನೇ ತಿಳಿಯಾಗಿಸಿಕೊಳ್ಳಲು ಈ ಲೇಖನ.

ಮೊದಲು ಈ ಸಂಗೀತದ ಕುಲಗೋತ್ರವನ್ನು ಸ್ವಲ್ಪ ವಿಚಾರಿಸೋಣ. ಇದನ್ನು ‘ಹೌಸ್’ ಸಂಗೀತವೆಂದು ಕರೆಯುತ್ತಾರೆ. 1977ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ‘ವೇರ್‌ಹೌಸ್’ ಎಂಬ ನರ್ತನಶಾಲೆ ಆರಂಭವಾಯಿತು. ಅಲ್ಲಿಗೆ ಬರುತ್ತಿದ್ದವರಲ್ಲಿ ಬಹುಪಾಲು ಕಪ್ಪು ಜನಾಂಗದ ಮತ್ತು ಲ್ಯಾಟಿನ್ ಮೂಲದ ಸಲಿಂಗಪ್ರೇಮಿ ಯುವಕರು; ಉಳಿದ ಊರು ಬಾಗಿಲು ಮುಚ್ಚಿದ್ದಾಗ ಅವರಿಗೆ ತೆರೆದಿದ್ದ ಮನೆ ಅದು. ಅಲ್ಲಿ ಫ್ರಾಂಕಿ ನಕಲ್ಸ್ ಎಂಬವರು ಹಳೆಯ ಡಿಸ್ಕೋ ಮುದ್ರಿಕೆಗಳನ್ನು ಕತ್ತರಿಸಿ, ಜೋಡಿಸಿ, ಹಿಗ್ಗಿಸಿ, ಬೆಳಗಿನವರೆಗೂ ನುಡಿಸುತ್ತಿದ್ದರು. ‘ವೇರ್‌ಹೌಸ್’ನ ಬಾಲವೇ ಈ ಪಂಥದ ಹೆಸರಾಗಿ ಉಳಿಯಿತೆಂದು ಹೇಳುವುದು ವಾಡಿಕೆ. ಅದೇ ಊರಿನಲ್ಲಿ 1979ರ ಜುಲೈ 12ರಂದು ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೋ ಮುದ್ರಿಕೆಗಳನ್ನು ರಾಶಿ ಹಾಕಿ ಸಿಡಿಮದ್ದಿನಿಂದ ಉಡಾಯಿಸಿದರು. ಜನ ಮೈದಾನಕ್ಕೆ ನುಗ್ಗಿ, ಅಂದಿನ ಎರಡನೆಯ ಪಂದ್ಯವೇ ನಡೆಯದೆ ಹೋಯಿತು. ಹಾಗೆ ಒಂದು ಕಡೆ ಸುಟ್ಟದ್ದನ್ನು ಇನ್ನೊಂದು ಕಡೆ ಕೆಲವರು ಜೋಪಾನವಾಗಿ ಆಯ್ದುಕೊಂಡರು. 1984ರಲ್ಲಿ ಜೆಸ್ಸಿ ಸಾಂಡರ್ಸ್ ಅವರ ‘ಆನ್ ಅಂಡ್ ಆನ್’ ಎಂಬ ಮುದ್ರಿಕೆ ಬಂದಿತು. ಹೌಸ್ ಸಂಗೀತದ ಮೊದಲ ಮುದ್ರಿಕೆಗಳಲ್ಲಿ ಒಂದೆಂದು ಅದನ್ನು ಎಣಿಸುತ್ತಾರೆ. ಬಿಸುಟದ್ದನ್ನು ಎತ್ತಿಕೊಂಡು ಬಾಳಿಸುವುದು ಈ ಸಂಗೀತದ ಹುಟ್ಟುಗುಣ. ಇದನ್ನು ಮರೆತು ಅದನ್ನು ಕೇವಲ ಕಳ್ಳಮಾಲೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಇದರಲ್ಲಿ ಮುಖ್ಯವಾದ ಸಾಮಗ್ರಿಗೆ ಸ್ಯಾಂಪಲ್ ಎಂದು ಹೆಸರು. ನಮ್ಮ ಬಟ್ಟೆ ಅಂಗಡಿಯವರ ಬಾಯಲ್ಲೂ ಈ ಮಾತಿದೆ. ಥಾನಿನ ಗುಣವನ್ನು ತೋರಿಸಲು ಕತ್ತರಿಸಿಟ್ಟ ಅಂಗೈಯಗಲದ ತುಂಡು ಅದು. ಸಂಗೀತದಲ್ಲಿ ಹಾಗೆ ಕತ್ತರಿಸಿದ ತುಂಡು ಮೂಲದ ಗುಣವನ್ನು ತೋರಿಸಿ ಸುಮ್ಮನಾಗುವುದಿಲ್ಲ. ಬೇರೊಂದು ಉಡುಪಿನ ಮೈಯೇ ಆಗುತ್ತದೆ. ಈ ಕೆಲಸಕ್ಕೆ ಸರಿಯಾದ ಹೋಲಿಕೆ ಉತ್ತರ ಕರ್ನಾಟಕದ ಕೌದಿ. ಹಳೆಯ ಸೀರೆ, ಹರಿದ ಧೋತರ, ಕೂಸಿನ ಕುಲಾವಿ ಎಲ್ಲವೂ ಅದರಲ್ಲಿ ಸೇರುತ್ತವೆ. ಹೊಲಿಗೆ ಮಾತ್ರ ಹೊಸದು.

‘ಕಾಲ್ ಆನ್ ಮಿ’ ಹಾಡಿನಲ್ಲಿರುವ ಹಳೆಯ ಸೀರೆ ಸ್ಟೀವ್ ವಿನ್‌ವುಡ್ ಅವರದು. ವಿನ್‌ವುಡ್ 1948ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವರು. ಹದಿಹರೆಯದಲ್ಲಿಯೇ ಸ್ಪೆನ್ಸರ್ ಡೇವಿಸ್ ಅವರ ವೃಂದದಲ್ಲಿ ಹಾಡಿ ಕೀರ್ತಿ ಗಳಿಸಿದವರು. 1982ರಲ್ಲಿ ತಮ್ಮ ಹಳ್ಳಿಮನೆಯ ಮುದ್ರಣಕೊಠಡಿಯಲ್ಲಿ ಕುಳಿತು, ಎಲ್ಲ ವಾದ್ಯಗಳನ್ನೂ ತಾವೊಬ್ಬರೇ ನುಡಿಸಿ ಒಂದು ಸಂಪುಟವನ್ನು ಹೊರತಂದರು. ಅದರಲ್ಲಿ ‘ವ್ಯಾಲೆರಿ’ ಎಂಬುದು ಒಂದು ಹಾಡು. ಸಾಹಿತ್ಯರಚನೆಯಲ್ಲಿ ವಿಲ್ ಜೆನಿಂಗ್ಸ್ ಅವರ ಕೈಯೂ ಉಂಟು. ಎಂದೋ ಕೈಬಿಟ್ಟುಹೋದ ಹುಡುಗಿಯೊಬ್ಬಳನ್ನು ನೆನೆದು, ತಾನು ಅಂದಿನವನೇ ಆಗಿದ್ದೇನೆ, ಬೇಕಾದಾಗ ಕರೆ ಎಂದು ಬೇಡಿಕೊಳ್ಳುವವನ ಹಾಡು ಅದು. ಆಗ ಅದು ಹೆಚ್ಚು ಜನಕ್ಕೆ ಮುಟ್ಟಲಿಲ್ಲ. 1987ರಲ್ಲಿ ಹೊಸ ಮಿಶ್ರಣದೊಡನೆ ಮತ್ತೆ ಬಂದಾಗ ಅಮೆರಿಕದ ಪಟ್ಟಿಯಲ್ಲಿ 9ನೆಯ ಸ್ಥಾನಕ್ಕೇರಿತು. ಒಂದು ಹಾಡಿಗೆ ಎರಡು ಜನ್ಮಗಳಾದುವು. ಮೂರನೆಯದು ಇನ್ನೂ ಬರಬೇಕಾಗಿತ್ತು.

ಪ್ಯಾರಿಸಿನಲ್ಲಿ ತೋಮಾ ಬಾಂಗಾಲ್ತೆರ್ ಮತ್ತು ಡಿಜೆ ಫಾಲ್ಕನ್ ಎಂಬ ಇಬ್ಬರು ಜೊತೆಯಾಗಿ ‘ಟುಗೆದರ್’ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದರು. ಈ ‘ವ್ಯಾಲೆರಿ’ಯ ತುಂಡನ್ನು ಮೊದಲು ಹೀಗೆ ಸುತ್ತಿಸಿದವರು ಅವರು. ಕುಣಿತದ ಕೂಟಗಳಲ್ಲಿ ನುಡಿಸುತ್ತಿದ್ದರು, ಮುದ್ರಿಸಿ ಮಾರಲಿಲ್ಲ. ಅನಂತರ ಪ್ರಿಡ್ಜ್ ತಮ್ಮ ಹಾಡನ್ನು ಕಟ್ಟಿದರು. ಅಂದರೆ ತುಂಡು ಒಬ್ಬರದು; ಆ ತುಂಡು ಚೆಂದವೆಂಬ ಕಾಣ್ಕೆ ಇನ್ನಿಬ್ಬರದು; ಹೊಲಿಗೆ ಮತ್ತೊಬ್ಬರದು.

ಇದರಲ್ಲಿ ಪ್ರಿಡ್ಜ್ ಮಾಡಿದ್ದೇನು ಎಂದು ಕೇಳಬಹುದು. ನಾನೂ ಕೇಳಿಕೊಂಡೆ, ಉತ್ತರ ಹಾಡಿನಲ್ಲಿಯೇ ಇದೆ. ನಿಮಿಷಕ್ಕೆ 126 ಪೆಟ್ಟುಗಳ ನಡೆ. ನಾಲ್ಕೆಣಿಕೆಯ ಆವರ್ತ, ಪ್ರತಿಯೊಂದು ಎಣಿಕೆಗೂ ತಪ್ಪದೆ ಒಂದು ದಪ್ಪ ಪೆಟ್ಟು. ಅದರ ಮೇಲೆ ವಿನ್‌ವುಡ್ ಅವರ ಒಂದೇ ಕರೆ ಮತ್ತೆ ಮತ್ತೆ ಸುತ್ತುತ್ತದೆ. ಮೊದಲು ಅದು ನೆರೆಮನೆಯ ಗೋಡೆಯಾಚೆಯಿಂದ ಬಂದಂತೆ ಮಂದವಾಗಿ ಕೇಳುತ್ತದೆ. ಫಿಲ್ಟರ್ ಎಂಬ ಸಾಧನದಿಂದ ದನಿಯ ಮೇಲಿನ ಸ್ತರಗಳನ್ನು ತಡೆದಿಟ್ಟಿರುತ್ತಾರೆ. ಬಳಿಕ ಆ ತಡೆಯನ್ನು ಮೆಲ್ಲನೆ ಸಡಿಲಿಸುತ್ತಾರೆ. ಬಾಗಿಲು ತೆರೆದಂತಾಗಿ ದನಿ ಒಳಕ್ಕೆ ನುಗ್ಗುತ್ತದೆ. ಪ್ರತಿ ಪೆಟ್ಟಿಗೂ ಉಳಿದ ನಾದವೆಲ್ಲ ಒಂದು ಕ್ಷಣ ಕುಗ್ಗಿ ಮತ್ತೆ ಉಬ್ಬುತ್ತದೆ. ಓಡಿಬಂದವನ ಎದೆಯಂತೆ ಹಾಡೇ ಏದುಸಿರು ಬಿಡುತ್ತದೆ. ನಮ್ಮ ಗಾಯಕರು ಪಲ್ಲವಿಯ ಒಂದೇ ಸಾಲನ್ನು ಸಂಗತಿಯ ಮೇಲೆ ಸಂಗತಿ ಹಾಕಿ ಬೆಳೆಸುವುದಿಲ್ಲವೆ? ಇಲ್ಲಿ ಸ್ವರ ಬದಲಾಗುವುದಿಲ್ಲ, ಬೆಳಕು ಬದಲಾಗುತ್ತದೆ. ಅದೇ ಇಲ್ಲಿನ ಸಂಗತಿ.

ಹೀಗೆ ಮತ್ತೆ ಮತ್ತೆ ಕೇಳಿದಾಗ ಒಂದು ವಿಚಿತ್ರ ಪರಿಣಾಮವಾಗುತ್ತದೆ. ಮೂಲದಲ್ಲಿ ಅದು ಕಥೆಯ ನಡುವೆ ಬರುವ ಮಾತು. ಇಲ್ಲಿ ಕಥೆಯೆಲ್ಲ ಉದುರಿಹೋಗಿ ಕರೆಯೊಂದೇ ನಿಂತಿದೆ. ಕರೆಯುವವನು ಕರೆಯುತ್ತಲೇ ಇದ್ದಾನೆ, ಅವಳು ಬರುವುದಿಲ್ಲ. ನೂರು ಜನ ಮೈಮರೆತು ಕುಣಿಯುವ ಹಾಡಿನ ನಡುಮಧ್ಯದಲ್ಲಿ ವಿರಹಿಯೊಬ್ಬ ನಿಂತಿದ್ದಾನೆಂದು ನನಗನಿಸಿತು. ತುಂಡಾದರೂ ಅದು ಮನುಷ್ಯನ ದನಿಯಾಗಿಯೇ ಉಳಿದಿತ್ತು.

ಇನ್ನೊಂದು ಸಂಗತಿ ತಿಳಿದ ಮೇಲಂತೂ ಈ ಹಾಡಿನ ಮೇಲೆ ನನ್ನ ಗೌರವ ಹೆಚ್ಚಿತು. ಪ್ರಿಡ್ಜ್ ಅವರ ರಚನೆಯನ್ನು ವಿನ್‌ವುಡ್ ಅವರಿಗೆ ಕೇಳಿಸಿದಾಗ ಅವರು ಮೆಚ್ಚಿದರು. ಮೆಚ್ಚಿದ್ದಷ್ಟೇ ಅಲ್ಲ, ಹೊಸ ನಡೆಗೆ ಹೊಂದುವಂತೆ ಆ ಭಾಗವನ್ನು ಮತ್ತೊಮ್ಮೆ ಹಾಡಿಕೊಟ್ಟರು. 1982ರಲ್ಲಿ ಅವರಿಗೆ ಮೂವತ್ತನಾಲ್ಕು, ಈಗ ಐವತ್ತಾರು. ತಾನು ಅಂದಿನ ಹುಡುಗನೇ ಎಂದು ಆಗ ಹಾಡಿದ್ದವರು ಇಪ್ಪತ್ತೆರಡು ವರ್ಷಗಳ ಮೇಲೆ ಅದೇ ಮಾತನ್ನು ಮತ್ತೆ ಹಾಡಿದರು. ಕಡ ಕೇಳಿದವನಿಗೆ ಹಳೆಯ ಸೀರೆಯ ತುಂಡಿನ ಬದಲು ಹೊಸದಾಗಿ ನೇದು ಕೊಟ್ಟಂತಾಯಿತು. ಕೊಟ್ಟವರ ಔದಾರ್ಯವೂ ಕೇಳಿ ಪಡೆದವರ ವಿನಯವೂ ಸೇರಿ ಆ ದನಿಗೆ ಬಂದ ಕಳೆ ಕೇಳುವವರಿಗೂ ತಾಗುತ್ತದೆಂದು ನನ್ನ ನಂಬಿಕೆ.

ಕಡ ತರುವುದರಲ್ಲಿಯೂ ತರತಮ ಉಂಟೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಹತ್ತನೆಯ ಶತಮಾನದ ರಾಜಶೇಖರ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಪರರ ಶಬ್ದವನ್ನೂ ಅರ್ಥವನ್ನೂ ಹರಣ ಮಾಡುವ ವಿಷಯಕ್ಕೆ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾನೆ. ಕಳ್ಳನಲ್ಲದ ಕವಿಯೂ ಇಲ್ಲ, ಕಳ್ಳನಲ್ಲದ ವರ್ತಕನೂ ಇಲ್ಲ ಎಂಬ ಅಭಿಪ್ರಾಯ ಅವನದು. ಹೊಸದನ್ನು ಹುಟ್ಟಿಸುವವನು, ಇದ್ದುದನ್ನು ಮಾರ್ಪಡಿಸುವವನು, ಮರೆಮಾಚುವವನು, ಕೂಡಿಹಾಕುವವನು ಎಂದು ಕವಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ಪ್ರಿಡ್ಜ್ ಅವರನ್ನು ಎರಡನೆಯ ಪಂಕ್ತಿಯಲ್ಲಿ, ಪರಿವರ್ತಕರ ಸಾಲಿನಲ್ಲಿ, ಕೂರಿಸಲು ನನ್ನ ಅಡ್ಡಿಯಿಲ್ಲ.

ಮೂರನೆಯ ಪಂಕ್ತಿಗೂ ಈ ಸಂಗೀತದಲ್ಲಿ ಉದಾಹರಣೆ ಬೇಕಾದರೆ 1989ಕ್ಕೆ ಹೋಗಬೇಕು. ಆ ವರ್ಷ ಇಟಲಿಯ ‘ಬ್ಲ್ಯಾಕ್ ಬಾಕ್ಸ್’ ಎಂಬ ತಂಡದ ‘ರೈಡ್ ಆನ್ ಟೈಮ್’ ಬ್ರಿಟನ್ನಿನಲ್ಲಿ ಆರು ವಾರ ಪ್ರಥಮ ಸ್ಥಾನದಲ್ಲಿತ್ತು. ಅದರಲ್ಲಿ ಮೊಳಗುವ ಕಂಠ ಷಿಕಾಗೋದ ಲೊಲಿಯಾಟಾ ಹಾಲೋವೇ ಎಂಬ ಗಾಯಕಿಯದು. 1980ರ ಅವರ ಹಾಡೊಂದರಿಂದ ಕತ್ತರಿಸಿ ತೆಗೆದದ್ದು. ಅವರನ್ನು ಯಾರೂ ಕೇಳಿರಲಿಲ್ಲ. ಚಿತ್ರದಲ್ಲಿ ಆ ಕಂಠಕ್ಕೆ ತುಟಿಯಾಡಿಸಿದವರು ಫ್ರಾನ್ಸಿನ ಒಬ್ಬ ರೂಪದರ್ಶಿ. ಒಬ್ಬಳ ಗಂಟಲು, ಇನ್ನೊಬ್ಬಳ ಮೈ. ನೋಡುವವರಿಗೆ ಇಬ್ಬರೂ ಒಬ್ಬಳೇ. ಹಾಲೋವೇ ನ್ಯಾಯ ಕೇಳಬೇಕಾಯಿತು. ಕಡೆಗೆ ಪರಿಹಾರ ದೊರೆಯಿತು. 1991ರಲ್ಲಿ ಅದೇ ಕಂಠವನ್ನು ಬಳಸಿದ ‘ಗುಡ್ ವೈಬ್ರೇಷನ್ಸ್’ ಎಂಬ ಹಾಡಿನಲ್ಲಿ ಅವರ ಹೆಸರೂ ಬಂದಿತು, ಚಿತ್ರದಲ್ಲಿ ಅವರ ಮುಖವೂ ಕಾಣಿಸಿತು. ಹೆಸರು ಹೇಳಿದ್ದರಿಂದ ಆ ಹಾಡಿಗೆ ನಷ್ಟವೇನೂ ಆಗಲಿಲ್ಲ. ಅದೂ ಅಮೆರಿಕದಲ್ಲಿ ಪ್ರಥಮ ಸ್ಥಾನಕ್ಕೇರಿತು.

ಇಷ್ಟು ಹಾಡಿನ ಮಾತು. ಈಗ, ಅಳಿಯ ನನಗೆ ತೋರಿಸಲೊಲ್ಲದ ಚಿತ್ರದ ಮಾತು.

ಒಂದು ವ್ಯಾಯಾಮಶಾಲೆ. 1980ರ ದಶಕದ ಮಾದರಿಯ ಬಿಗಿಯುಡುಪು, ತಲೆಪಟ್ಟಿ, ಕಾಲಿಗೆ ಉಣ್ಣೆಯ ಚೀಲ ತೊಟ್ಟ ತರುಣಿಯರು ಸಾಲಾಗಿ ನಿಂತಿದ್ದಾರೆ. ಮುಂದೆ ನಿಂತು ನಡೆಸುವವರು ಆಸ್ಟ್ರೇಲಿಯದ ನರ್ತಕಿ ಡೀಯಾನ್ ಬೆರಿ. ಅವರ ನಡುವೆ ಒಬ್ಬನೇ ಗಂಡಸು. ಆ ಪಾತ್ರ ಅರ್ಜೆಂಟೀನಾದ ನಟ ಹುವಾನ್ ಪಾಬ್ಲೊ ದಿ ಪಾಚೆ ಅವರದು. ಹೆಸರಿಗೆ ವ್ಯಾಯಾಮ, ಸೊಂಟದ ಬಳುಕು, ಮೈಯ ಬಾಗು ಯಾವುದನ್ನು ಸೂಚಿಸುತ್ತವೆಂದು ಬಿಡಿಸಿ ಹೇಳಬೇಕಾಗಿಲ್ಲ. ನಿರ್ದೇಶಕರು ಹ್ಯೂಸ್ ಮೊನ್‌ಫರಾದಿ. ಒಂದು ಬಗೆಯ ಪರಿಹಾಸ್ಯ ಅದರಲ್ಲಿದೆ ಎಂಬುದನ್ನು ಒಪ್ಪಬೇಕು. ಆ ಗಂಡಸಿನ ಪೇಚಾಟವನ್ನು ನೋಡಿ ನಾನೂ ನಕ್ಕೆ. ಚಿತ್ರ ಬಹು ಜನಪ್ರಿಯವಾಯಿತು. ಹಾಡು ಬ್ರಿಟನ್ನಿನಲ್ಲಿ ಒಟ್ಟು ಐದು ವಾರ ಪ್ರಥಮ ಸ್ಥಾನದಲ್ಲಿತ್ತು. ಜರ್ಮನಿಯಲ್ಲಿಯೂ ಅದೇ ಸ್ಥಾನಕ್ಕೇರಿತು. ಆದರೆ ಅದು ಬಿಲ್ಲೆಗಳ ಮಾರಾಟ ಕುಸಿಯುತ್ತಿದ್ದ ಕಾಲ. ಬ್ರಿಟನ್ನಿನಲ್ಲಿ ಪ್ರಥಮ ಸ್ಥಾನದಲ್ಲಿದ್ದ ಒಂದು ವಾರ ಈ ಹಾಡಿನ 25,000 ಪ್ರತಿಗಳೂ ಖರ್ಚಾಗಲಿಲ್ಲ. ಕೊಂಡು ಕೇಳಿದವರಿಗಿಂತ ದೂರದರ್ಶನದಲ್ಲಿ ನೋಡಿದವರೇ ಬಹಳ ಹೆಚ್ಚಿರಬೇಕು. ಅದೇ ನರ್ತಕಿಯನ್ನು ಮುಂದಿಟ್ಟುಕೊಂಡು ವ್ಯಾಯಾಮದ ಡಿವಿಡಿಯೊಂದನ್ನೂ ಹೊರತಂದರು.

ಈ ಚಿತ್ರವೂ ಒಂದು ಕತ್ತರಿಸಿದ ತುಂಡೇ ಎಂಬುದು ನನಗೆ ತಡವಾಗಿ ತಿಳಿಯಿತು. 1985ರಲ್ಲಿ ಜೇಮ್ಸ್ ಬ್ರಿಡ್ಜಸ್ ನಿರ್ದೇಶಿಸಿದ ‘ಪರ್ಫೆಕ್ಟ್’ ಎಂಬ ಚಲಚ್ಚಿತ್ರದ ವ್ಯಾಯಾಮದ ದೃಶ್ಯಗಳ ಅನುಕರಣ ಅದು. ಅದರಲ್ಲಿ ಜಾನ್ ಟ್ರವೋಲ್ಟಾ ಪತ್ರಕರ್ತ, ಜೇಮಿ ಲೀ ಕರ್ಟಿಸ್ ವ್ಯಾಯಾಮದ ಶಿಕ್ಷಕಿ. ಗಂಡುಹೆಣ್ಣುಗಳು ಜೊತೆ ಹುಡುಕಿಕೊಳ್ಳಲು ವ್ಯಾಯಾಮಶಾಲೆಗೆ ಬರುತ್ತಾರೆಂಬ ರಸವತ್ತಾದ ಲೇಖನ ಬರೆಯಲು ಅವನು ಹೊರಟಿದ್ದಾನೆ. ಅವಳೋ ಹಿಂದೊಮ್ಮೆ ಪತ್ರಿಕೆಯವರನ್ನು ನಂಬಿ ನೊಂದವಳು. ನಂಬಿ ಮಾತನಾಡಿದವರ ಬಾಳನ್ನು ಲೇಖನದ ಸರಕಾಗಿ ಮಾಡಿಕೊಳ್ಳಬಹುದೆ, ಅವರ ಮೈಯ ಬಗೆಗೆ ಊರಿಗೆಲ್ಲ ನಗೆಯುಂಟುಮಾಡುವ ಹಕ್ಕು ಬರೆಯುವವನಿಗೆ ಇದೆಯೆ ಎಂಬುದೇ ಆ ಕಥೆಯ ಒಳಗಿನ ಪ್ರಶ್ನೆ. ಚಲಚ್ಚಿತ್ರ ಅಷ್ಟೇನೂ ಯಶಸ್ವಿಯಾಗಲಿಲ್ಲ. ಆದರೆ ಪ್ರಶ್ನೆ ಹುಸಿಯಲ್ಲ. ಇಪ್ಪತ್ತು ವರ್ಷಗಳ ಮೇಲೆ ಹಾಡಿನವರು ಅದರಿಂದ ತೆಗೆದುಕೊಂಡದ್ದು ಕಸರತ್ತನ್ನು ಮಾತ್ರ. ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟುಬಂದರು.

ಹಾಡಿನವರೂ ಕತ್ತರಿಸಿದರು, ಚಿತ್ರದವರೂ ಕತ್ತರಿಸಿದರು. ಅಲ್ಲಿ ಸಿಕ್ಕ ಸುಖ ಇಲ್ಲೇಕೆ ಕಸಿವಿಸಿಯಾಯಿತು? ಮಡಿವಂತಿಕೆಯೆಂದು ಯಾರಾದರೂ ಹೇಳಿಯಾರು. ಇರಲಾರದು. ಶೃಂಗಾರವನ್ನು ಕಂಡರೆ ಕಣ್ಣು ಮುಚ್ಚುವವನು ಪಂಪನನ್ನೂ ಓದಲಾರ, ಬೇಲೂರಿನ ದೇವಾಲಯದ ಸುತ್ತ ಒಂದು ಪ್ರದಕ್ಷಿಣೆಯನ್ನೂ ಮಾಡಲಾರ. ಬೇಲೂರಿನ ಮದನಿಕೆಯ ಮೈಯನ್ನು ಶಿಲ್ಪಿ ಮುಚ್ಚಿಟ್ಟಿಲ್ಲ. ಆದರೆ ಅವಳು ಏನೋ ಒಂದು ಕೆಲಸದಲ್ಲಿದ್ದಾಳೆ. ಕನ್ನಡಿಯಲ್ಲಿ ತನ್ನನ್ನು ತಾನು ನೋಡಿಕೊಳ್ಳುತ್ತಿದ್ದಾಳೆ. ಅವಳಿಗೆ ಮುಖವಿದೆ, ಮುಖದಲ್ಲಿ ಮನಸ್ಸಿದೆ. ಈ ಚಿತ್ರದ ಕ್ಯಾಮೆರಾ ಮುಖವನ್ನು ತಡೆದು ನೋಡುವುದಿಲ್ಲ. ಸೊಂಟ, ತೊಡೆ, ಎದೆ ಎಂದು ಒಂದೊಂದನ್ನೇ ಕತ್ತರಿಸಿ, ಪೆಟ್ಟಿಗೊಂದರಂತೆ ಜೋಡಿಸುತ್ತದೆ. ಮುಂದಾಳಾದ ನರ್ತಕಿಯ ಹೆಸರಾದರೂ ಜನಕ್ಕೆ ತಿಳಿಯಿತು. ಸಾಲಿನಲ್ಲಿ ನಿಂತವರನ್ನು ಹೆಸರಿಟ್ಟು ಗುರುತಿಸುವ ನೋಡುಗರು ಎಷ್ಟು ಮಂದಿ?

ಇಲ್ಲಿಯೇ ನನಗೆ ಉತ್ತರ ಸಿಕ್ಕಿತೆಂದು ತೋರುತ್ತದೆ. ಕಂಠವನ್ನು ಎಷ್ಟು ಚಿಕ್ಕದಾಗಿ ಕತ್ತರಿಸಿದರೂ ಅದರಲ್ಲಿ ಹಾಡಿದವನು ಇಡಿಯಾಗಿಯೇ ಇರುತ್ತಾನೆ. ಎರಡೇ ಅಕ್ಷರ ಕೇಳಿ ಇದು ತಾಯಿಯ ದನಿ, ಇದು ತಮ್ಮನ ದನಿ ಎಂದು ನಾವು ಗುರುತಿಸುವುದಿಲ್ಲವೆ? ಮೈಯನ್ನು ಹಾಗೆ ಕತ್ತರಿಸಲು ಬಾರದು. ತುಂಡಾದ ಮೈ ಯಾರ ಮೈಯೂ ಅಲ್ಲ. ವಿರಹಿಯ ಕರೆಯನ್ನು ನೂರು ಸಲ ಕೇಳಿದರೆ ಅದು ಇನ್ನಷ್ಟು ಆಳವಾಗುತ್ತದೆ. ಹೆಸರಿಲ್ಲದ ಸೊಂಟವನ್ನು ನೂರು ಸಲ ತೋರಿಸಿದರೆ ಅದು ಇನ್ನಷ್ಟು ಚಪ್ಪಟೆಯಾಗುತ್ತದೆ. ಕ್ಷೇಮೇಂದ್ರ ಔಚಿತ್ಯವನ್ನು ಕಾವ್ಯದ ಜೀವವೆಂದದ್ದು ಇಂಥ ತಾವಿನಲ್ಲಿ ನೆನಪಾಗುತ್ತದೆ. ಕೈಬಿಟ್ಟವಳನ್ನು ನೆನೆಯುವ ಕರೆಗೆ ಈ ಕುಣಿತ ಹೊಂದಲಿಲ್ಲ. ಅಶ್ಲೀಲವೆನ್ನುವುದಕ್ಕಿಂತ ಮೊದಲು ಅದು ಅನುಚಿತ.

ಇದರಿಂದ ಹೆಚ್ಚು ತೊಂದರೆಪಟ್ಟವರಲ್ಲಿ ರಚನಕಾರರೂ ಒಬ್ಬರೆಂಬುದು ವಿಧಿವಿಲಾಸ. ಪ್ರಿಡ್ಜ್ ಮುಂದೆ ಗಂಭೀರವಾದ ಕೃತಿಗಳನ್ನು ರಚಿಸಿದರು. ಪಿಂಕ್ ಫ್ಲಾಯ್ಡ್ ತಂಡದ ಹಾಡೊಂದನ್ನು ಬಳಸಿಕೊಂಡ ‘ಪ್ರಾಪರ್ ಎಜುಕೇಷನ್’ 2007ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಬಂದಿತು. ಪಿಯಾನೋದ ಒಂದು ನುಡಿಯ ಮೇಲೆ ಕಟ್ಟಿದ ‘ಪ್ಯಾನೂ’ 2008ರಲ್ಲಿ ಅದೇ ಸ್ಥಾನವನ್ನು ಪಡೆಯಿತು. ಆದರೆ ‘ಕಾಲ್ ಆನ್ ಮಿ’ಯಿಂದ ತಮ್ಮನ್ನು ಗುರುತಿಸುವುದು ಅವರಿಗೆ ರುಚಿಸಲಿಲ್ಲ. ತಮ್ಮ ಕಛೇರಿಗಳಲ್ಲಿ ಅದನ್ನು ನುಡಿಸುವುದನ್ನೇ ಬಿಟ್ಟರು. ತಂದೆಯೊಬ್ಬ ಹೆಸರಾದ ಮಗನನ್ನು ಮನೆಗೆ ಸೇರಿಸದಂತೆ ಇದು. ಹಾಡು ಲೋಕಕ್ಕೆಲ್ಲ ತಿಳಿಯಿತು. ತಿಳಿದದ್ದು ಹಾಡಾಗಿ ಅಲ್ಲ.

ಹಾಗೆಂದು ಚಿತ್ರವನ್ನು ನಿಷೇಧಿಸಬೇಕೆಂದೇನೂ ನಾನು ಹೇಳುತ್ತಿಲ್ಲ. ಯಾರದೋ ಕಂಠ, ಯಾರದೋ ಮೈ, ಯಾರದೋ ಕಥೆ ದಿನವಿಡೀ ನಮ್ಮ ಅಂಗೈಯ ಫಲಕದ ಮೇಲೆ ತುಂಡುತುಂಡಾಗಿ ಹಾದುಹೋಗುವ ಕಾಲ ಇದು. ಕತ್ತರಿಸುವುದನ್ನು ನಿಲ್ಲಿಸುವುದು ಯಾರಿಂದಲೂ ಆಗದು. ಯಾರದು ಎಂದು ಕೇಳುವುದನ್ನಾದರೂ ನಾವು ಉಳಿಸಿಕೊಳ್ಳಬಹುದು. ಕೌದಿ ಹೊಲಿದ ಮುದುಕಿಯನ್ನು ಕೇಳಿನೋಡಿ: ಈ ಕೆಂಪು ತುಂಡು ಅತ್ತೆಯ ಸೀರೆಯದು, ಈ ಚೌಕಳಿ ತೀರಿಹೋದ ಅಣ್ಣನ ಅಂಗಿಯದು ಎಂದು ಬೆರಳಿಟ್ಟು ತೋರಿಸುತ್ತಾಳೆ. ಅವಳು ಕತ್ತರಿ ಹಾಕಿದ್ದಾಳೆ, ಮರೆತಿಲ್ಲ.

ಮರುದಿನ ಬೆಳಿಗ್ಗೆ ಅಳಿಯನನ್ನು ಕರೆದು, ರಾತ್ರಿ ನೋಡಿದೆನೆಂದು ಒಪ್ಪಿಕೊಂಡೆ. ಅವನು ತಲೆ ತಗ್ಗಿಸಿ ನಕ್ಕ. “ವಿನ್‌ವುಡ್ ಅವರ ಹಳೆಯ ಹಾಡು ಕೇಳಿದ್ದೀಯಾ?” ಎಂದು ವಿಚಾರಿಸಿದೆ. ಕೇಳಿರಲಿಲ್ಲ, ಆ ಕಂಠಕ್ಕೊಂದು ಹೆಸರಿದೆಯೆಂದೇ ಅವನಿಗೆ ತಿಳಿದಿರಲಿಲ್ಲ. ಇಬ್ಬರೂ ಕುಳಿತು ‘ವ್ಯಾಲೆರಿ’ಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆವು. ಕರೆಯ ಆ ಸಾಲು ಬಂದಾಗ ಅವನು ಥಟ್ಟನೆ ನನ್ನ ಕಡೆ ತಿರುಗಿದ. ಜಾತ್ರೆಯ ಗದ್ದಲದಲ್ಲಿ ಪರಿಚಿತರೊಬ್ಬರನ್ನು ಕಂಡವನ ಮುಖ ಅವನದಾಗಿತ್ತು.